ಕೆಂಪು ಬಲೆಯ ಕೆಳಗೆ

ತಲೆ ತಗ್ಗಿಸಿ ಬಾ ದುನ್ಯಾ, ತಂತಿ ಕೆಳಗಿದೆ.
ಇದು ಮುತ್ತಿನ ಬಣ್ಣದ್ದು, ಅದರಾಚೆ ನೀಲಿ,
ಮೊರಾವಾ ನದಿಯ ಕಡೆಗಿರುವುದು ಕಪ್ಪು,
ಕೊನೆಯದು ಕೆಂಪು.
ನಾಲ್ಕೂ ನಿಮ್ಮ ಸಂಸ್ಥೆಯವರೇ ಕೊಟ್ಟದ್ದು,
ಕಂಬಕ್ಕೆ ಗುಂಡಿ ತೋಡಿದ್ದು ಮಾತ್ರ ನಾವು.

ಬಲೆ ಕಟ್ಟಿದ ದಿನ ಬೇಲಿಗೆ ಮೊಣಕೈ ಊರಿ
ಮಿಲೊಯ್ಕೊ ಕೇಳಿದ: 'ರಾದುಂಕಾ, ಸರ್ಕಸ್ಸು ಎಷ್ಟು ಗಂಟೆಗೆ?
ಆನೆ ಬಂತೋ, ಇನ್ನೂ ದಾರಿಯಲ್ಲಿದೆಯೋ?'
ನಗಲಿ ಬಿಡು ಅಂದುಕೊಂಡೆ. ಜುಲೈ ಬಂತು.
ಅವನ ಹೊಲದ ಮೆಣಸಿನಕಾಯಿಗಳು
ಬಿಸಿಲಿಗೆ ಒಡ್ಡಿದ ಕೆನ್ನೆ ಬೆಂದು, ಬೆಳ್ಳಗಾಗಿ,
ಹಳೆಯ ಕಾಗದದಂತೆ ಸುಕ್ಕಿದವು.
ಆಮೇಲೆ ಆನೆಯ ವಿಚಾರ ಎತ್ತಲಿಲ್ಲ.
ಒಂದು ಸಂಜೆ ಬಂದು, ಬಲೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು
ಬಟ್ಟೆ ಕೊಳ್ಳುವವನ ಹಾಗೆ ತಿಕ್ಕಿ ನೋಡಿ, ಹೋದ.

ನಿನ್ನ ಮೀಟರು ಏನು ಹೇಳುತ್ತದೋ ನನಗೆ ತಿಳಿಯದು.
ನೀಲಿಯ ಕೆಳಗೆ ನನ್ನ ಕೈ ಹೆಣದ ಕೈ.
ಮುತ್ತಿನ ಕೆಳಗೆ ಹಾಲು ಬೆರೆತ ಬೆಳಕು,
ಎಲೆಯ ಅಡಿಯ ಎಲೆಗೂ ಒಂದು ಪಾಲು.
ಕಪ್ಪಿನ ಕೆಳಗೆ ನಿದ್ದೆ ಬರುತ್ತದೆ;
ಬಂದಿದೆ ಕೂಡ, ಬುಟ್ಟಿಗೆ ತಲೆಯೊರಗಿಸಿ.
ಕೆಂಪಿನ ಕೆಳಗೆ ಗಿಡ ಸೊಂಟ ದಾಟಿತು,
ಕಾಯಿ ಒಂದೊಂದೂ ಕೈತುಂಬ.
ಆದರೆ ಕೀಳುವುದು ಹೇಗೆ?

ಕಾಮಾಲೆ ಕಣ್ಣಿಗೆ ಲೋಕವೇ ಹಳದಿ ಅಂತಾರಲ್ಲ,
ನಮಗೆ ಇಲ್ಲಿ ಎಲ್ಲವೂ ಹಣ್ಣು.
ಮೊದಲ ಕೊಯ್ಲಿಗೆ ಆರು ಹೆಂಗಸರು ಇಳಿದೆವು,
ಹನ್ನೊಂದು ಪೆಟ್ಟಿಗೆ ತುಂಬಿ ಹೊರಗೆ ತಂದೆವು.
ಬಿಸಿಲಿಗೆ ಬಂದದ್ದೇ ಬಣ್ಣ ಬಯಲು:
ಅರ್ಧ ಹಸಿರು, ಮಿಕ್ಕದ್ದರಲ್ಲಿ ಅರ್ಧ ಕಂದು.
ಐವಾರ್ ಕಡಾಯಿಗೆ ಹಸಿರು ನಡೆಯುವುದಿಲ್ಲ,
ನೀಶ್ ಪೇಟೆಯವನು ಮುಖ ಕಿವುಚಿ ಮುಕ್ಕಾಲು ಬೆಲೆ ಇಳಿಸಿದ.
ಕಿತ್ತದ್ದನ್ನು ಮತ್ತೆ ತೊಟ್ಟಿಗೆ ಅಂಟಿಸಲಾಗುತ್ತದೆಯೆ?

ಸ್ರೆಟೆನ್ ಪೆಟ್ಟಿಗೆ ಹೊರಲು ಬಂದಿದ್ದ.
ಇಪ್ಪತ್ತಾರು ವರ್ಷದಿಂದ ಅವನಿಗೆ ಅದೊಂದೇ ಕೆಲಸ, ಹೊರುವುದು.
ಕೀಳಲು ನಾನು ಬಿಟ್ಟಿದ್ದರೆ ತಾನೆ?
ಮದುವೆಯಾದ ವರ್ಷ ಒಂದಿಡೀ ಸಾಲು
ಹಸಿಯದನ್ನೇ ತರಿದು ತಂದು, ಹೆಮ್ಮೆಯಿಂದ ನಿಂತಿದ್ದ.
ಅತ್ತೆ ಹಣೆ ಚಚ್ಚಿಕೊಂಡು ಆಗ ಬಾಯಿಬಿಟ್ಟರು:
ಹುಟ್ಟಿದಾಗಿನಿಂದ ಅವನಿಗೆ ಕೆಂಪೂ ಹಸಿರೂ ಒಂದೇ,
ಎರಡೂ ಒಣಹುಲ್ಲಿನ ಬಣ್ಣವಂತೆ.
ಊರು ನಕ್ಕಿತು. ನಾನೂ.
ಹೊಸ ಕೋಟು ಕೊಂಡಾಗ
ಹೇಗಿದೆ ಎಂದು ಅವನನ್ನು ಕೇಳಿದ್ದೇ ಇಲ್ಲ.

ಅವನು ಪೆಟ್ಟಿಗೆ ಕೆಳಗಿಟ್ಟ.
ಕೆಂಪಿನೊಳಗೆ ಹೋಗಿ ಕುಕ್ಕರುಗಾಲಲ್ಲಿ ಕೂತ.
ಕಾಯಿಯನ್ನು ಅಂಗೈಯಲ್ಲಿ ಎತ್ತಿ ತೂಗಿದ,
ಹೆಬ್ಬೆರಳಲ್ಲಿ ಅದರ ಭುಜ ಒತ್ತಿದ,
ತೊಟ್ಟಿನ ಹತ್ತಿರ ಮೂಗು ತಂದ.
ಕೆಲವನ್ನು ಬಿಟ್ಟ. ಕೆಲವನ್ನು ತಿರುವಿದ, ಟಕ್.
ಅದನ್ನು ಯಾಕೆ ಬಿಟ್ಟೆ ಅಂದೆ.
'ಇನ್ನೂ ಟೊಳ್ಳು ಮಾತಾಡ್ತಿದೆ' ಅಂದ.
'ಕಣ್ಣು ಮುಚ್ಚು, ಗೊತ್ತಾಗುತ್ತೆ.'

ಇಷ್ಟು ವರ್ಷ ಹೊಲದಿಂದ ಲಾರಿಯವರೆಗೆ ನಡೆಯುತ್ತ
ಪೆಟ್ಟಿಗೆಯೊಳಗಿನದನ್ನು ಒಂದೊಂದಾಗಿ ಮುಟ್ಟುತ್ತಿದ್ದನಂತೆ,
ಯಾರೂ ನೋಡದ ಹಾಗೆ.

ಬೇಕಾದರೆ ಬರೆದುಕೋ: ಕೆಂಪು ಬಲೆಗೆ ಈಗ ಮೇಸ್ತ್ರಿ ಅವನು.
ಆರು ಹೆಂಗಸರು ಕಣ್ಣು ಮುಚ್ಚಿ ಸಾಲಿನಲ್ಲಿ ತಡಕಾಡುತ್ತೇವೆ.
ಮಿಲೊಯ್ಕೊ ಈಗ ಬಂದರೆ ಸರ್ಕಸ್ಸು ಸಿಕ್ಕೀತು.
ನಿನ್ನೆ ಸಂಜೆ ಹೊರಗೆ ಸುರಿದಾಗ
ರಾಶಿಯೆಲ್ಲ ಕೆಂಪು, ಕಣ್ಣು ಕುಕ್ಕುವ ಕೆಂಪು,
ನಡುವೆ ಒಂದೇ ಒಂದು ಹಸಿರು.
ಅದು ನಾನು ಕಿತ್ತದ್ದು.
ಅವನ ಕಣ್ಣಿಗೆ ಬೀಳದಿರಲಿ ಎಂದು
ಗಡಬಡಿಸಿ ಜೇಬಿಗೆ ತುರುಕಿದೆ.
ಅವನಿಗೆ ಅದು ಕಾಣುವುದೇ ಇಲ್ಲ ಎನ್ನುವುದು
ಮನೆಗೆ ಹೋದ ಮೇಲೆ ನೆನಪಾಯಿತು.

ಇಗೋ, ಇನ್ನೂ ಇಲ್ಲೇ ಇದೆ.
ಅರ್ಧ ನಿನಗೆ ಬೇಕೆ? ಉಪ್ಪು ತಂದಿಲ್ಲ.