ತಟ್ಟೆಯ ಬೆನ್ನಿಗೆ

ಗಾಂಧಿ ಬಜಾರಿನ ಪಾತ್ರೆ ಅಂಗಡಿಗಳ ಸಾಲಿನಲ್ಲಿ
ಮೆಟ್ಟಿಲಷ್ಟೇ ಅಗಲ ನನ್ನ ಜಾಗ.
ಮೂವತ್ತೊಂದು ವರ್ಷ, ಒಂದೇ ಕೆಲಸ:
ಕೊಡ, ಕೊಳಗ, ಚರಿಗೆಗೆ ಹೆಸರು ಹಾಕುವುದು.
ಅಕ್ಷರಕ್ಕೆ ಆಗ ನಾಲ್ಕಾಣೆ, ಈಗ ಎರಡು ರೂಪಾಯಿ,
ಒತ್ತಕ್ಷರ ಪುಕ್ಕಟೆ.

ಮೆಗ್ಗಾನ್ ಆಸ್ಪತ್ರೆಯ ನರ್ಸ್ ಫ್ಲೋರಿನ್ ಬಾಯಿ
ರಾತ್ರಿ ಪಾಳಿ ಮುಗಿಸಿ, ಕೆಂಗಣ್ಣಲ್ಲೇ ಬಂದರು.
ಊಟದ ತಟ್ಟೆ ಮಗುಚಿಟ್ಟು
"ಬೆನ್ನಿಗೆ ಹಾಕಿ, ಖಾಸಿಂ ಸಾಹೇಬ್ರೆ" ಎಂದರು.
ಚೀಟಿಯಲ್ಲಿ ಇಪ್ಪತ್ನಾಲ್ಕು ಇಂಗ್ಲಿಷ್ ಪದ. ಒಂದಕ್ಕೊಂದು ನಂಟಿಲ್ಲ.
ಏಣಿ ಅಂತೆ, ಈರುಳ್ಳಿ ಅಂತೆ, ಕೊಡೆ, ಅನಾಥ, ಉಪ್ಪು,
ಜ್ವರ ಏರಿದವರು ಬಡಬಡಿಸಿದ ಹಾಗೆ.

"ಕ್ರಿಪ್ಟೋ" ಎಂದರು. "ಸಂಬಳದಲ್ಲಿ ತಿಂಗಳಿಗಿಷ್ಟು ಅಂತ ಕೊಂಡಿದ್ದು.
ಕಾಗದ ಸುಡುತ್ತೆ, ಫೋನು ನೀರಿಗೆ ಬೀಳುತ್ತೆ,
ಸ್ಟೀಲು ಇರುತ್ತೆ."
ಮಷಿನ್ನು ಗಿರ್ರೆಂದಿತು. ಹನ್ನೆರಡನೆಯ ಪದಕ್ಕೆ ನಿಲ್ಲಿಸಿದೆ.
"ಅಲ್ಲಮ್ಮ, ಬೀಗದ ಕೈಯನ್ನೇ ನನಗೆ ಕೊಟ್ಟಿರಲ್ಲ,
ನಾನು ಒಳ್ಳೆಯವನೆಂದು ಯಾರು ಹೇಳಿದ್ದು?"

ನಕ್ಕರು. ಇನ್ನೊಂದು ಪದ ಇದೆಯಂತೆ.
ಯಂತ್ರ ಕೊಟ್ಟದ್ದಲ್ಲ, ತಾವೇ ಕಟ್ಟಿದ್ದು.
ನಾಯಿಯ ಹೆಸರಲ್ಲ, ಹುಟ್ಟಿದ ವರ್ಷವಲ್ಲ, ಸಂತರ ಹೆಸರೂ ಅಲ್ಲ.
ಪದ ಅಂದರೂ ಪದವಲ್ಲ, ಇಡೀ ಒಂದು ಸಾಲು,
ಇನ್ನೊಬ್ಬರ ಬಾಯಲ್ಲಿ ಬಾರದ್ದು.
ಅದಿಲ್ಲದೆ ಈ ಇಪ್ಪತ್ನಾಲ್ಕೂ ಸೇರಿ
ತೆರೆಯುವುದು ಜಗುಲಿಯನ್ನಷ್ಟೆ.
ಅಲ್ಲಿ ಮೂರು ಸಾವಿರ ಇಟ್ಟಿದ್ದಾರೆ, ಕಳ್ಳನ ಬಸ್ ಚಾರ್ಜಿಗೆ.

"ತಪ್ಪು ಪದ ಹೊಡೆದರೆ?"
"ತಪ್ಪು ಅನ್ನೋದೇ ಇಲ್ಲ ಅದಕ್ಕೆ.
ಒಂದಕ್ಷರ ಆಚೀಚೆಯಾದರೂ ಬೇರೊಂದು ಮನೆ ತೆರೆಯುತ್ತೆ.
ಖಾಲಿ ಮನೆ. ಗುಡಿಸಿಟ್ಟ ಹಾಗೆ."

ಗುಡಿಸು ಎಂದೊಡನೆ ನನಗೊಂದು ಕೊಳಗ ನೆನಪಾಯಿತು.
ಕೆಲಸ ಕಲಿಯುವ ಕಾಲ. ಚನ್ನಮ್ಮನಿಗೆ ಒಂದು ಗುಡಿಸು ಹೆಚ್ಚಾಗಿ
ಚಿನ್ನಮ್ಮ ಎಂದು ಬಿತ್ತು.
ಮದುವೆ ಊಟ ಮುಗಿದ ಮೇಲೆ ಕೊಳಗ ಬೇರೆ ಮನೆಗೆ ಹೋಯಿತು.
ಚಿನ್ನಮ್ಮ ತಪ್ಪೆನ್ನಲಿಲ್ಲ. ಕೊಳಗವೂ ತಪ್ಪೆನ್ನಲಿಲ್ಲ.
ಈಗಲೂ ಎಲ್ಲೋ ಸಾರು ಕುದಿಯುತ್ತಿರಬಹುದು.

"ಮರೆತರೆ?"
ಇದಕ್ಕೆ ಮಾತ್ರ ನಗಲಿಲ್ಲ.
"ಮರೆತ ದಿನ ನಾನೂ ಕಳ್ಳಿಯೇ, ಸಾಹೇಬ್ರೆ.
ನನ್ನ ಮನೆಯ ಹೊರಗೇ ನಿಂತಿರುತ್ತೇನೆ."
ವಾರ್ಡಿನಲ್ಲಿ ಡ್ರಿಪ್ಪಿನ ಹನಿ ಎಣಿಸುತ್ತಾ
ತುಟಿ ಅಲ್ಲಾಡಿಸದೆ ದಿನಾ ಹೇಳಿಕೊಳ್ಳುತ್ತಾರಂತೆ.
ಅಕ್ಷರ ಎಣಿಸಿದೆ. ಇನ್ನೂರ ಎಪ್ಪತ್ತೆರಡು ರೂಪಾಯಿ ಕೊಟ್ಟು ಹೋದರು.

ಹೋದ ವಾರ ಮತ್ತೆ ಬಂದರು. ಈ ಸಲ ಲೋಟ.
ಆರನೇ ಬೆಡ್ಡಿಗೆ ಬಂದ ಮೇಷ್ಟ್ರು,
ನಲವತ್ತು ವರ್ಷ ಮಗ್ಗಿ ಹೇಳಿಸಿದವರು,
ಲಕ್ವ ಹೊಡೆದು ಹೆಂಡತಿಯ ಹೆಸರು ಹುಡುಕುತ್ತಿದ್ದಾರಂತೆ.
"ತಲೆಯೊಂದನ್ನೇ ನಂಬಬಾರದು" ಎಂದರು.
ಲೋಟ ಭದ್ರಾವತಿಯ ತಂಗಿ ಮನೆಗೆ.
ತಟ್ಟೆ ಒಂದೂರು, ಲೋಟ ಒಂದೂರು.
ಚೀಟಿ ಮಾತ್ರ ಕೊಡಲಿಲ್ಲ.
"ಮಷಿನ್ ಹಿಡಿಯೋದು ಹೇಳಿಕೊಡಿ."

ಹಳೆಯ ಮುಚ್ಚಳದ ಮೇಲೆ ನಾಲ್ಕು ಸೊಟ್ಟ ಗೆರೆ ಎಳೆಸಿ
ಸ್ಟೂಲು ಬಿಟ್ಟುಕೊಟ್ಟು ಹೊರಗೆ ಬಂದೆ. ಬೆನ್ನು ತಿರುಗಿಸಿ ನಿಂತೆ.
ಗಿರ್ರ್. ನಿಂತಿತು. ಗಿರ್ರ್.
ಕಣ್ಣು ತಿರುಗಿಸಬಹುದು, ಕಿವಿ ತಿರುಗುವುದಿಲ್ಲ.
ಮೂವತ್ತೊಂದು ವರ್ಷ ಇದನ್ನೇ ಕೇಳಿದ ಕಿವಿ,
ಸುತ್ತಿದರೆ ಯಾವುದು, ಬಾಲ ಎಳೆದರೆ ಯಾವುದು
ನಿದ್ದೆಯಲ್ಲೂ ಹೇಳುತ್ತೆ.
ಮೊದಲಕ್ಷರ ಆಗಲೇ ಗೊತ್ತಾಗಿಹೋಗಿತ್ತು.

ಚಪ್ಪಲಿ ಮೆಟ್ಟಿ ದಡಬಡ ರಸ್ತೆ ದಾಟಿದೆ.
ಕಬ್ಬಿನ ಹಾಲಿನವನ ಗಾಣಕ್ಕೆ ಆತುಕೊಂಡು,
ಅದರ ಗೆಜ್ಜೆಯ ಗದ್ದಲದೊಳಗೆ,
ಬೇಡದಿದ್ದರೂ ಎರಡು ಗ್ಲಾಸು ಕುಡಿದೆ.