ಕೂದಲೆಳೆಯಷ್ಟು ಜಾಗ

ಲೈಪ್‌ಜಿಗ್‌ನಲ್ಲಿ, ಟ್ರಾಮು ತಿರುಗುವಾಗ ಕಿರ್ರೆನ್ನುವ ಮೂಲೆಯಲ್ಲಿ,
ಕಬಾಬಿನಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ
ನಮ್ಮ ಅಂಗಡಿ. ಐದು ಮೇಜು, ಐದು ದೀಪ,
ಬಾಗಿಲ ಬಳಿ ಒಂದು ತಗ್ಗು ಕುರ್ಚಿ. ಅದು ಜಿಯೆಪ್ ಚಿಕ್ಕಮ್ಮನದು.
ಈಗವಳು ಬ್ರಷ್ಷು ಹಿಡಿಯುವುದಿಲ್ಲ. ಹಣ ಎಣಿಸುತ್ತಾಳೆ,
ನನ್ನ ಕೈ ನೋಡುತ್ತಾಳೆ.

"ಖ್ವೇ, ಅಂಚು."
ಅಷ್ಟೇ ಅನ್ನುವುದು.
ಚರ್ಮ ಶುರುವಾಗುವ ಮುನ್ನ ಕೂದಲೆಳೆಯಷ್ಟು ಜಾಗ
ಬಿಡಬೇಕು, ಸುತ್ತಲೂ, ಹತ್ತಕ್ಕೆ ಹತ್ತರಲ್ಲೂ.
ಜೆಲ್ಲು ಅಲ್ಲಿಗೆ ಹರಿದರೆ ಒರೆಸು,
ದೀಪದಡಿ ಕೈ ಇಡಿಸುವ ಮುಂಚೆ ಒರೆಸು,
ನಿನ್ನ ಬೆರಳಲ್ಲಲ್ಲ, ಕಡ್ಡಿಯಲ್ಲಿ.

ಸೋಮವಾರ ಸಂಜೆಯ ತರಗತಿಯಲ್ಲಿ ಫ್ರೌ ಓಡೆಬ್ರೆಖ್ಟ್ ಹೇಳಿದ್ದು:
ಸೀಸೆಯೊಳಗಿರುವವು ಒಂಟಿಗಳು.
ಬೆಳಕು ಬಿದ್ದೊಡನೆ ಒಂದರ ಕೈ ಇನ್ನೊಂದು ಹಿಡಿದು
ಸರಪಳಿಯಾಗುತ್ತವೆ; ಹಾಗಾದಾಗ ಬಿಸಿ ಹುಟ್ಟುತ್ತದೆ.
ಗಿರಾಕಿ ಆಯ್ ಎಂದು ಬೆರಳು ಎಳೆದುಕೊಂಡರೆ
ನೀನು ದಪ್ಪ ಬಳಿದಿದ್ದೀಯ ಅಂತ ಅರ್ಥ.
ಒಂದು ಕಂಪನಿಯ ಜೆಲ್ಲಿಗೆ ಇನ್ನೊಂದರ ದೀಪ ಬೇಡ:
ಮೇಲೆ ಗಾಜು, ಒಳಗೆ ಹಸಿಹಿಟ್ಟು,
ಮುಟ್ಟಿದರೂ ತಿಳಿಯುವುದಿಲ್ಲ.
ಸರಪಳಿಗೆ ಸೇರಿದ್ದು ಯಾರ ತಂಟೆಗೂ ಹೋಗದು.
ಸೇರದೆ ಉಳಿದದ್ದು
ಚರ್ಮದ ಬಾಗಿಲು ತಟ್ಟುತ್ತದೆ.

ಅಂಥ ಒಂಟಿಯೊಂದರ ಚುಟುಕು ಹೆಸರು ಹೇಮಾ.
ಲೇಬಲ್ಲು ಓದಿ, ಭಾರತದಿಂದ ಓದಲು ಬಂದ ಗಿರಾಕಿಯೊಬ್ಬಳು ನಕ್ಕಿದ್ದಳು:
ನಮ್ಮ ಕಡೆ ಅದು ಹುಡುಗಿಯ ಹೆಸರು, ಚಿನ್ನ ಅಂತ ಅರ್ಥ.

ನಾನು ಎಲ್ಲ ಬರೆದುಕೊಂಡೆ. ಚಿಕ್ಕಮ್ಮ ಬರೆದುಕೊಂಡವಳಲ್ಲ.
ಹನೋಯಿಯಿಂದ ಅವಳು ಬಂದಾಗ ಈ ದೇಶ ಎರಡಾಗಿತ್ತು;
ಹತ್ತಿಗಿರಣಿಯಲ್ಲಿ ಹರಿದ ನೂಲಿಗೆ ಗಂಟು ಹಾಕುತ್ತಿದ್ದಳು.
ದೇಶ ಒಂದಾಯಿತು, ಗಿರಣಿ ಮುಚ್ಚಿತು,
ಹೂ ಮಾರಿದಳು, ಆಮೇಲೆ ಉಗುರು.
ಗೋದಾಮಿನ ಹಿಂಬಾಗಿಲಿಂದ ಬಂದ ಅಗ್ಗದ ಸೀಸೆ, ಲೇಬಲ್ಲಿಲ್ಲ.
ಕಲ್ಲಿನಂತೆ ನಿಲ್ಲುತ್ತಿತ್ತಂತೆ, ಅಸಿಟೋನಿಗೂ ಜಗ್ಗದೆ.
ಕಾರಿನ ಬಾಗಿಲಿಗೆ ಸಿಕ್ಕರೆ ತಾನು ಮುರಿಯದೆ
ಕೆಳಗಿನ ನಿಜವಾದ ಉಗುರನ್ನೇ ಕಿತ್ತುಕೊಂಡು ಬರುತ್ತಿತ್ತಂತೆ.
ಉಗುರಲ್ಲಿ ಹೋಗುವುದಕ್ಕೆ ಕೊಡಲಿ.
"ಕಿಟಕಿ ತೆಗೆದರೆ ಚಳಿ, ಚಳಿಯಾದರೆ ಗಿರಾಕಿ ಬರಲ್ಲ.
ವಾಸನೆಯೇನು, ಮೂಗು ಒಗ್ಗಿಕೊಳ್ಳುತ್ತೆ."

ಒಗ್ಗಿಕೊಂಡಿತು ಮೂಗು.
ಬೆರಳ ತುದಿ ಒಗ್ಗಲಿಲ್ಲ.
ಬಿರಿದಾಗ ಸೋಪು ಅಂದಳು, ಊದಿದಾಗ ಉಗುರುಸುತ್ತು ಅಂದಳು,
ತೆಳು ಕೈಗವಸು ಹಾಕಿದಳು, ಬೆಳಗಿಂದ ಸಂಜೆಗೆ ಅದೊಂದೇ ಜೊತೆ,
ಅದರೊಳಕ್ಕೂ ಇಳಿದು ಬಂತು.
ಒಂದು ಭಾನುವಾರ ಕಣ್ಣರೆಪ್ಪೆ ತೆರೆಯಲಾಗಲಿಲ್ಲ.

ಚರ್ಮದ ಡಾಕ್ಟರು ಅವಳ ಬೆನ್ನಿನ ಮೇಲೆ
ಚೌಕಚೌಕವಾಗಿ ಪಟ್ಟಿ ಅಂಟಿಸಿದರು, ಸಂಖ್ಯೆ ಬರೆದರು.
ಎರಡು ದಿನ ಸ್ನಾನವಿಲ್ಲ, ಬೋರಲು ನಿದ್ದೆ.
ಪಟ್ಟಿ ತೆಗೆದ ಮೇಲೂ ಕಾಯಿಸಿದರು. ಆಮೇಲೆ
ಇಡೀ ಬೆನ್ನಿನಲ್ಲಿ ಒಂದೇ ಒಂದು ಚೌಕ ಕೆಂಪಗೆ.
"ಇದು ಇಳಿಯುತ್ತೆ," ಅಂದರು ಡಾಕ್ಟರು, "ಮೈ ಮಾತ್ರ ಮರೆಯಲ್ಲ."
ನಾನು ಅನುವಾದಿಸಿದೆ. ಅವಳು ರವಿಕೆಯ ಗುಂಡಿ ಹಾಕಿಕೊಳ್ಳುತ್ತಾ
ಮಧ್ಯಾಹ್ನ ಎಷ್ಟು ಗಿರಾಕಿ ಇದ್ದಾರೆ ಅಂತ ಕೇಳಿದಳು.

ಕಳೆದ ವಾರ ಹಲ್ಲು. ಅಲ್ಲಿನ ಫಾರಮ್ಮಿನಲ್ಲಿ
ಅಲರ್ಜಿಯ ಗೆರೆಯ ಮೇಲೆ ನಾನೇ ಬರೆದೆ.
ಹಲ್ಲಿನ ಕುಳಿ ತುಂಬುವ ಅಂಟೂ ಅದೇ ಕುಲದ್ದು,
ನೀಲಿ ದೀಪವೂ ಹೆಚ್ಚುಕಡಿಮೆ ನಮ್ಮದೇ.
ಕೇಳಿ ಚಿಕ್ಕಮ್ಮ ಕೆನ್ನೆ ಒತ್ತಿಕೊಂಡೇ ನಕ್ಕಳು:
"ನನ್ನ ಬಾಯಲ್ಲೂ ಒಂದು ಅಂಗಡಿ ತೆರೀತಾರಾ?"

ಇವತ್ತು ಮದುವೆಗೆ ಹೊರಟ ಹುಡುಗಿ, ಆತುರದವಳು.
ಇಲ್ಲೇಕೆ ಸಂದು ಬಿಟ್ಟೆ, ಕಾಣುತ್ತಲ್ಲ, ಅನ್ನುತ್ತಾಳೆ.
ಕಾಣಲಿ, ಅನ್ನುತ್ತೇನೆ.
ಬಟ್ಟಲಿನ ಮುಚ್ಚಳ ಮುಚ್ಚುತ್ತೇನೆ, ಕಸದ ಡಬ್ಬಿಯದೂ.
ಚಿಕ್ಕಮ್ಮ ಏನೂ ಹೇಳದೆ ಎದ್ದು
ಕಿಟಕಿ ತೆಗೆಯುತ್ತಾಳೆ. ಫೆಬ್ರವರಿ.
ಹುಡುಗಿ ಕೋಟಿಗೆ ಒಂದು ತೋಳು ಮಾತ್ರ ತೂರಿಸಿ
ಇನ್ನೊಂದು ಕೈ ನನ್ನ ಮುಂದೆ ಚಾಚಿ ಕೂತಿದ್ದಾಳೆ.