ಠೇವಣಿ ರಶೀದಿ

ಎಲೆಕ್ಷನ್ ಘೋಷಣೆಯಾದ ಮೂರನೇ ದಿನಕ್ಕೆ
ರಾಬರ್ಟ್‌ಸನ್‌ಪೇಟೆ ಠಾಣೆಯ ನನ್ನ ಮೇಜಿನ ಮೇಲೆ
ಊರ ಬಂದೂಕುಗಳೆಲ್ಲ ಬಂದು ಮಲಗುತ್ತವೆ:
ಹಂದಿ ಬೆದರಿಸುವ ಒಂಟಿ ನಳಿಗೆಯವು,
ಬ್ಯಾಂಕಿನ ಕಾವಲುಗಾರನದು, ಹೆಗಲ ಬೆವರಿನ ವಾಸನೆಯದು,
ಸೈಟು ಮಾರುವವರ ಹೊಚ್ಚಹೊಸವು.
ನಾನು ರೈಟರ್. ನಂಬರು ಬರೆದು, ಚೀಟಿ ಕಟ್ಟಿ,
ಅರಗು ಒತ್ತಿ ಟ್ರಂಕಿಗೆ ಹಾಕುವುದಷ್ಟೇ ಕೆಲಸ.

ಲಾಜರ್ ಸಾಹೇಬರು ಬರುವುದು ಯಾವತ್ತೂ ಕೊನೆಗೆ,
ನೆತ್ತಿ ಸುಡುವ ಹೊತ್ತಿಗೆ, ಟೈ ಕಟ್ಟಿಕೊಂಡು,
ಎರಡು ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು.
ಒಂದರಲ್ಲಿ ಠಾಣೆಗೆಂದು ಅಚ್ಚುಮುರುಕು,
ಇನ್ನೊಂದರಲ್ಲಿ ಹಳೇ ಪಂಚೆಯಲ್ಲಿ ಸುತ್ತಿದ ರಿವಾಲ್ವರುಗಳು.
ಒಮ್ಮೆ ಪೇದೆ ನಂಜಪ್ಪ ಹಸಿದು ತಪ್ಪು ಡಬ್ಬಿ ತೆರೆದಿದ್ದ.

ಗಣಿಯಲ್ಲಿ ಚಿನ್ನದ ಕಣ ತೂಗುತ್ತಿದ್ದ ಕೈ ಅದು,
ಈಗಲೂ ಕಬ್ಬಿಣವನ್ನು ಅಷ್ಟೇ ಹಗುರ ಎತ್ತುತ್ತದೆ.
"ಇದು ಬೆಲ್ಜಿಯಂದು. ಟ್ರಿಗರು ನೋಡಿ,
ನಿದ್ದೆಗೆ ಕೂತ ಕೋಳಿಯ ಕಾಲಿನ ಹಾಗೆ ಮಡಚಿಕೊಳ್ಳುತ್ತೆ.
ಮಾಡಿದವನು ಹೆಸರು ಬರೆದಿಲ್ಲ, ನಾಚಿಕೆಯೋ ಏನೋ.
ಇದು ಕಾನ್ಪುರದ್ದು, ಸರ್ಕಾರಿ ಕಾರ್ಖಾನೆಯ ಮಗು,
ನಡು ಮಾತ್ರ ತಾತನದೇ.
ತಾತ ಇವನು. ವೆಬ್ಲಿ. ಬರ್ಮಿಂಗ್‌ಹ್ಯಾಮ್."

ಹೆಬ್ಬೆರಳು ಒತ್ತಿದರು. ನಡು ಮುರಿದು ಬಾಗಿತು,
ಒಳಗಿಂದ ಉಕ್ಕಿನ ನಕ್ಷತ್ರವೊಂದು ಎದ್ದು ನಿಂತಿತು.
ಆರು ಖಾಲಿ ಗೂಡು. ಆಚೆ ಕಿಟಕಿಯ ಬಿಸಿಲು.
ಮೂತಿಯ ಹತ್ತಿರ ನೀಲಿ ಸವೆದು ಬೆಳ್ಳಗಾಗಿದೆ,
ಎಷ್ಟೋ ವರ್ಷ ತೊಗಲಿನ ಚೀಲಕ್ಕೆ ಉಜ್ಜಿ ಉಜ್ಜಿ.

ಒಬ್ಬರಿಗೆ ಎರಡೇ ಎಂದಿತು ಹೊಸ ಕಾನೂನು.
ಬೆಲ್ಜಿಯಂದು ಬಿಡುತ್ತಾರೆ ಎಂದುಕೊಂಡಿದ್ದೆ.
ಬಿಟ್ಟದ್ದು ಕಾನ್ಪುರದ್ದನ್ನು, ಲಕ್ಷ ಎಣಿಸಿ ಕೊಂಡದ್ದನ್ನು.
"ಅದನ್ನ ಇನ್ನೂ ಯಾರೂ ರಿಪೇರಿ ಮಾಡಿಲ್ಲ, ಸಾರ್" ಎಂದರು,
ಅದೇ ಕಾರಣ ಎಂಬಂತೆ.

ಆಮೇಲೆ ಕನ್ನಡಕದ ಸ್ಕ್ರೂಡ್ರೈವರ್ ತೆಗೆದು
ತಾತನ ಹಿಡಿಯ ಮರ ಬಿಚ್ಚಿದರು.
ಹೊರಮೈ ತುಂಬ ಕಿರೀಟದ ಮುದ್ರೆ, ದೊರೆಗಳ ನಂಬರು.
ಒಳಗೆ, ಯಾರ ಕಣ್ಣಿಗೂ ಬೀಳದ ಉಕ್ಕಿನ ಮೇಲೆ,
ಸಾಸಿವೆಯಷ್ಟು ತಮಿಳು 'ತೆ'. 'ದೆ' ಎಂದು ಓದಿದರೂ ಅದೇ.

ಫಿಟ್ಟರ್ ದೆಯ್ವಸಿಗಾಮಣಿ. ಚಾಂಪಿಯನ್ ರೀಫಿನ ವರ್ಕ್‌ಶಾಪು.
ಗುಂಡಿನ ಉರುಳೆ ತಿರುಗಿಸುವ ಕೊಕ್ಕೆ ಸವೆದಿತ್ತಂತೆ,
ಲಂಡನ್ನಿಗೆ ಬರೆದರೆ ಹಡಗು ಆರು ತಿಂಗಳು.
ಬಂಡೆ ಕೊರೆದು ಮುರಿದ ಡ್ರಿಲ್ಲಿನ ಉಕ್ಕು ಆರಿಸಿ
ಮೂರು ರಾತ್ರಿ ಅರ ಹಿಡಿದ. ಕೆಂಪಗೆ ಕಾಸಿ
ಕಡಲೆಕಾಯಿ ಎಣ್ಣೆಯಲ್ಲಿ ಮುಳುಗಿಸಿದ. ಮತ್ತೆ ಮೆಲ್ಲಗೆ ಕಾಸಿದ:
ಬಣವೆಯ ಹಳದಿ ಬಂತು, ಬದನೆಯ ಬಣ್ಣ ಬರುವ ಮೊದಲೇ ತೆಗೆದ.
ಇನ್ನೊಂದುಸಿರು ತಡೆದಿದ್ದರೆ ನವಿಲಿನ ಕತ್ತು;
ಸ್ಪ್ರಿಂಗಿಗೆ ಅದು ಚೆಂದ, ಕೊಕ್ಕೆಗೆ ಮೆತ್ತಗಾಯಿತು.

ಅದೇ ರಿವಾಲ್ವರು ಮರುದಿನ ಸಂಜೆ ಗೇಟಿನಲ್ಲಿ
ಸಾರ್ಜೆಂಟನ ಸೊಂಟದಲ್ಲಿತ್ತು.
ಮುಂಡಾಸು ಬಿಚ್ಚು ಎಂದರು, ಬಾಯಿ ತೆರೆ ಎಂದರು,
ಉಗುರಿನ ಸಂದಿನ ಕಬ್ಬಿಣದ ಪುಡಿಯನ್ನೂ
ಕಡ್ಡಿಯಲ್ಲಿ ಕೆದಕಿ ನೋಡಿದರು.
ಹೊರಗೆ ಏನನ್ನೂ ಒಯ್ದಿರಲಿಲ್ಲ ಆತ.
ಒಳಗೆ ಒಂದಕ್ಷರ ಇಟ್ಟು ಬಂದಿದ್ದ.

"ನಿಮಗೇನಾಗಬೇಕು ಅವರು?" ಕೇಳಿದೆ.
ಸ್ಕ್ರೂ ಬಿಗಿ ಮಾಡುತ್ತ ಲಾಜರ್ ಸಾಹೇಬರು,
"ರಶೀದಿ ಬರೀರಿ ಸಾರ್, ಊಟದ ಹೊತ್ತಾಯಿತು."

ತಯಾರಕರು ಎಂಬಲ್ಲಿ ವೆಬ್ಲಿ ಎಂದೇ ಬರೆದೆ.
ಷರಾದಲ್ಲಿ ಪೆನ್ನು ಸ್ವಲ್ಪ ನಿಂತಿತು.
"ಹಳೆಯದು, ಸುಸ್ಥಿತಿ" ಎಂದು ಮುಗಿಸಿದೆ.

ಎಣಿಕೆ ಮುಗಿದು, ಗೆದ್ದವರ ಪಟಾಕಿ ಮುಗಿದು,
ಸೈನೈಡ್ ದಿಬ್ಬದ ಧೂಳು ಟ್ರಂಕಿನ ಮೇಲೆ ಕೂತ ಮೇಲೆ
ವಾಪಸ್ ಪಡೆಯಲು ಬರುತ್ತಾರೆ. ಸಹಿಗೆ ಮುಂಚೆ
ಕಿವಿಯ ಹತ್ತಿರ ಹಿಡಿದು ಉರುಳೆ ತಿರುಗಿಸುತ್ತಾರೆ.
ಟಕ್, ಟಕ್, ಟಕ್, ಟಕ್.
ಐದನೆಯದು ಕೂದಲೆಳೆಯಷ್ಟು ತಡ.
ನಾನು ಅವರ ಮುಖ ನೋಡುತ್ತೇನೆ.
"ಸರಿ ಇದೆ," ಎನ್ನುತ್ತಾರೆ. "ಮೊದಲಿಂದಲೂ ಹಾಗೇ."